ಟಾರ್ಚ್ ಆಮೇಲೆ, ಮೊದಲು ಚಾರ್ಜರ್

(ಮಳೆಗಾಲಕ್ಕೆ ಮುಂಚೆ ನಮ್ಮೂರಿನ ಸಹಕಾರ ಸಂಘದ ಮಹಡಿಯಲ್ಲಿ ಆಡಿದ ಮಾತುಗಳ ಬರಹ ರೂಪವಿದು. ಸಭೆಯಲ್ಲಿದ್ದವರು ನಡುವೆ ಕೇಳಿದ ಪ್ರಶ್ನೆಗಳನ್ನು ಆಯಾ ಜಾಗದಲ್ಲಿಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಪದದ ತಕರಾರು ಮುಗಿಸಿಬಿಡೋಣ. ನಮ್ಮ ಕಡೆ ‘ಬ್ಯಾಟರಿ ತೆಗೆದುಕೊಂಡು ಬಾ’ ಎಂದರೆ ಟಾರ್ಚ್ ತರಬೇಕು. ಅದರೊಳಗೆ ಹಾಕುವುದು ಸೆಲ್. ಪೇಟೆಯ ಅಂಗಡಿಯಲ್ಲಿ ಹೋಗಿ ಬ್ಯಾಟರಿ ಕೇಳಿದರೆ ಮಾತ್ರ ಸೆಲ್ ಕೊಡುತ್ತಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನಾಗಿ ನನ್ನ ತೀರ್ಪು ನಮ್ಮ ಅಜ್ಜಿಯರ ಕಡೆಗೇ ಇದೆ. ಒಂದೇ ಇದ್ದರೆ ಅದು ಸೆಲ್, ಒಂದರ ಹಿಂದೆ ಒಂದು ಜೋಡಿಸಿದರೆ ಬ್ಯಾಟರಿ. ಮೂರು ಸೆಲ್ ತುಂಬಿದ ಟಾರ್ಚನ್ನು ಬ್ಯಾಟರಿ ಎಂದು ಕರೆದವರು ತಪ್ಪು ಮಾಡಿರಲಿಲ್ಲ.

ಕಳೆದ ವರ್ಷ ಅಟ್ಟ ಗುಡಿಸುವಾಗ ನಮ್ಮ ಮನೆಯಲ್ಲಿ ಐದು ಟಾರ್ಚ್ ಸಿಕ್ಕವು. ಒಂದೂ ಉರಿಯಲಿಲ್ಲ. ಐದನ್ನೂ ಜಗಲಿಯ ಮೇಲೆ ಸಾಲಾಗಿ ಮಲಗಿಸಿ, ಸ್ಕ್ರೂಡ್ರೈವರ್ ಹಿಡಿದು ಒಂದೊಂದರದ್ದೂ ಮರಣೋತ್ತರ ಪರೀಕ್ಷೆ ಮಾಡಿದೆ. ಟಾರ್ಚಿಗೆ ಚಾರ್ಜ್ ಆಗುವ ಯಾವ ಸೆಲ್, ಯಾವ ಚಾರ್ಜರ್ ಕೊಳ್ಳಬೇಕು ಎಂಬ ಇವತ್ತಿನ ಮಾತು ಹುಟ್ಟಿದ್ದು ಅಲ್ಲಿ.

ಮೊದಲನೆಯದು ನನ್ನ ತಂದೆಯವರ ಮೂರು ಸೆಲ್ಲಿನ ಹಿತ್ತಾಳೆ ಟಾರ್ಚ್. ಯಕ್ಷಗಾನ ಮುಗಿಸಿ ಬೆಳಗಿನ ಜಾವ ಗದ್ದೆಯ ಬದುವಿನ ಮೇಲೆ ಮನೆಗೆ ಬರುವಾಗ ಸೂಡಿಯ, ಅಂದರೆ ಒಣ ಗರಿಯ ಪಂಜಿನ, ಜಾಗಕ್ಕೆ ಬಂದದ್ದು ಅದು. ಒಳಗಿನ ಸೆಲ್‌ಗಳು ಊದಿಕೊಂಡು, ಸುತ್ತಿಗೆಯಿಂದ ಬಡಿದರೂ ಹೊರಗೆ ಬರಲಿಲ್ಲ. ಇದರ ಕಾರಣ ತಿಳಿಯಬೇಕಾದರೆ ಸೆಲ್ಲಿನ ರಚನೆ ನೆನಪಿಸಿಕೊಳ್ಳಬೇಕು. ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ 1866ರಲ್ಲಿ ಗಾಜಿನ ಜಾಡಿಯಲ್ಲಿ ನವಸಾಗರದ ದ್ರಾವಣ, ಸತು ಮತ್ತು ಮ್ಯಾಂಗನೀಸ್ ಡೈಆಕ್ಸೈಡ್ ಇಟ್ಟು ಸೆಲ್ ಮಾಡಿದ. ಇಪ್ಪತ್ತು ವರ್ಷಗಳ ನಂತರ ಜರ್ಮನಿಯ ಕಾರ್ಲ್ ಗ್ಯಾಸ್ನರ್ ಆ ದ್ರಾವಣವನ್ನು ಗಟ್ಟಿ ಪಾಕವಾಗಿಸಿ ಸತುವಿನ ಡಬ್ಬಿಯೊಳಗೆ ತುಂಬಿ ಒಣ ಸೆಲ್ ಮಾಡಿದ. ಅಂದರೆ ಸತುವೇ ಪಾತ್ರೆ, ಸತುವೇ ಸೌದೆ. ಉರಿದಷ್ಟೂ ಪಾತ್ರೆ ಸವೆಯುತ್ತದೆ, ಕೊನೆಗೆ ತೂತು ಬಿದ್ದು ಒಳಗಿನ ರಸ ಟಾರ್ಚಿನ ಹೊಟ್ಟೆಗೆ ಇಳಿಯುತ್ತದೆ. ಸೆಲ್ ಹಾಳಾದದ್ದಕ್ಕೆ ಅದು ಸೋರುವುದಲ್ಲ, ಅದರ ಹುಟ್ಟಿನಲ್ಲೇ ಸೋರಿಕೆ ಇದೆ.

ಚಿಕ್ಕವರಿದ್ದಾಗ ಸೆಲ್ ಮಂಕಾದರೆ ಬಿಸಿಲಿಗೆ ಇಡುತ್ತಿದ್ದುದು ನೆನಪಿರಬೇಕು. ಅದು ಮೂಢನಂಬಿಕೆಯಲ್ಲ. ಬಿಸಿಗೆ ರಾಸಾಯನಿಕ ಕ್ರಿಯೆ ಚುರುಕಾಗಿ ಒಂದೆರಡು ದಿನ ಬೆಳಕು ಬರುತ್ತಿತ್ತು. ಹೊಸ ಶಕ್ತಿಯೇನೂ ಸೇರುತ್ತಿರಲಿಲ್ಲ, ಬಾಣಲೆಯ ತಳಕ್ಕೆ ಅಂಟಿದ್ದನ್ನು ಕೆರೆದು ತಿಂದ ಹಾಗೆ. ಆಮೇಲೆ ಸೆಲ್ ಒಡೆದು ಕರಿಪುಡಿಯನ್ನು ಸೊಪ್ಪಿನ ರಸದಲ್ಲಿ ಕಲಸಿ ಶಾಲೆಯ ಕಪ್ಪು ಹಲಗೆಗೆ ಬಳಿಯುತ್ತಿದ್ದೆವು. ಈಗ ಮಕ್ಕಳ ಕೈಯಲ್ಲಿ ಆ ಕೆಲಸ ಮಾಡಿಸಬೇಡಿ.

ಎರಡನೆಯದು ಮತ್ತು ಮೂರನೆಯದು ಒಂದೇ ಜಾತಿ. ಸಂತೆಯಲ್ಲಿ ಸಿಗುವ, ಹಿಂಭಾಗದಿಂದ ಎರಡು ಪಿನ್ ಎಳೆದು ನೇರವಾಗಿ ಗೋಡೆಯ ಸಾಕೆಟ್ಟಿಗೆ ಚುಚ್ಚುವ ಪ್ಲಾಸ್ಟಿಕ್ ಟಾರ್ಚ್. ಈ ಸಭೆಯಲ್ಲಿ ಇದನ್ನು ಕೊಳ್ಳದ ಮನೆ ಇದ್ದರೆ ಕೈ ಎತ್ತಿ. (ಯಾರೂ ಎತ್ತಲಿಲ್ಲ.) ಆರು ತಿಂಗಳಿಗಿಂತ ಹೆಚ್ಚು ಬಾಳಿದ್ದು ಎಷ್ಟು ಮನೆಯಲ್ಲಿ? (ಎರಡು ಕೈ.)

ಇದರ ಬಗ್ಗೆ ಸ್ವಲ್ಪ ಹೆಚ್ಚು ಮಾತನಾಡಬೇಕು. ‘ಚಾರ್ಜ್ ಮಾಡುವ ಸೆಲ್ ಎಲ್ಲ ಮೋಸ’ ಎಂದು ನಮ್ಮವರು ತೀರ್ಮಾನಿಸಿದ್ದು ಇದರ ದೆಸೆಯಿಂದ. ಬಿಚ್ಚಿ ನೋಡಿದರೆ ಒಳಗೆ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಡಬ್ಬಿ, ಮೇಲೆ 4 ವೋಲ್ಟ್ ಎಂದು ಬರೆದಿರುತ್ತದೆ. ಅದು ಲಾರಿ, ಟ್ರಾಕ್ಟರಿನಲ್ಲಿರುವ ಬ್ಯಾಟರಿಯ ಮರಿ: ಸೀಸ ಮತ್ತು ಗಂಧಕಾಮ್ಲ. ಸೀಸದ ಬ್ಯಾಟರಿಯ ಸ್ವಭಾವ ಒಂದೇ. ಖಾಲಿ ಹೊಟ್ಟೆಯಲ್ಲಿ ಇಟ್ಟರೆ ಅದು ಸಾಯುತ್ತದೆ. ಖಾಲಿಯಾದ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟುತ್ತದೆ. ವಾರಗಟ್ಟಲೆ ಬಿಟ್ಟರೆ ಹರಳು ಕಲ್ಲಾಗುತ್ತದೆ, ಮತ್ತೆ ಚಾರ್ಜಿಗೆ ಕರಗುವುದಿಲ್ಲ. ನಾವು ಮಾಡುವುದೇನು? ಪೂರ್ತಿ ಮಂಕಾಗುವ ತನಕ ಉರಿಸಿ, ಮೊಳೆಗೆ ನೇತುಹಾಕಿ, ಕರೆಂಟ್ ಹೋದ ದಿನ ನೆನಪಿಸಿಕೊಳ್ಳುತ್ತೇವೆ. ಒಣ ಸೆಲ್ಲಿನ ಅಭ್ಯಾಸವನ್ನು ಸೀಸದ ಬ್ಯಾಟರಿಯ ಮೇಲೆ ಹೇರಿದರೆ ಅದು ಆರು ತಿಂಗಳು ಬದುಕಿದ್ದೇ ಹೆಚ್ಚು.

ಇನ್ನೊಂದು ಸಂಗತಿ ಸ್ವಲ್ಪ ಗಂಭೀರ. ಈ ಟಾರ್ಚುಗಳಲ್ಲಿ ಅನೇಕವಕ್ಕೆ ಗೋಡೆಯ ಕರೆಂಟಿನಿಂದ ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. 230 ವೋಲ್ಟನ್ನು ಒಂದು ಕೆಪಾಸಿಟರ್ ಮೂಲಕ ಹಾಯಿಸಿ, ನಾಲ್ಕು ಡಯೋಡ್ ದಾಟಿಸಿ ಬ್ಯಾಟರಿಗೆ ಕೊಟ್ಟಿರುತ್ತಾರೆ. ಚಾರ್ಜ್ ಆಗುತ್ತಿರುವಷ್ಟು ಹೊತ್ತು ಒಳಗಿನ ಪ್ರತಿ ತಂತಿಗೂ ಗೋಡೆಯ ಕರೆಂಟಿನೊಂದಿಗೆ ನೇರ ಸಂಬಂಧ ಇರುತ್ತದೆ. ಪ್ಲಾಸ್ಟಿಕ್ ಒಡೆದಿದ್ದರೆ, ಸ್ವಿಚ್ಚಿನ ಗುಂಡಿ ಹಾರಿ ಲೋಹ ಕಾಣುತ್ತಿದ್ದರೆ, ಒದ್ದೆ ಕೈಯಲ್ಲಿ ಮುಟ್ಟುವುದು ಸಾಕೆಟ್ಟಿಗೆ ಬೆರಳು ಇಟ್ಟ ಹಾಗೆಯೇ. ಒಡೆದ ಟಾರ್ಚನ್ನು ಟೇಪು ಸುತ್ತಿ ಚಾರ್ಜಿಗೆ ಇಡುವವರು ಇಲ್ಲಿ ಇದ್ದೀರಿ. ಹೆಸರು ಹೇಳುವುದಿಲ್ಲ, ನೀವೇ ನಿಲ್ಲಿಸಿ.

ನಾಲ್ಕನೆಯದರ ಕಥೆ ಆಮೇಲೆ ಬರುತ್ತದೆ. ಐದನೆಯದು ಪೆನ್ಸಿಲ್ ಸೆಲ್ ಹಾಕುವ ಎಲ್‌ಇಡಿ ಟಾರ್ಚ್. ಅದರಲ್ಲಿದ್ದದ್ದು ಆಲ್ಕಲೈನ್ ಸೆಲ್. ಅದೂ ಸೋರಿ ಸ್ಪ್ರಿಂಗಿನ ಮೇಲೆ ಬಿಳಿ ಬೂದಿಯಂಥದ್ದು ಬೆಳೆದಿತ್ತು. ಆಲ್ಕಲೈನಿನ ಒಳಗಿರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಹತ್ತಿ ಸುತ್ತಿದ ಕಡ್ಡಿಗೆ ನಿಂಬೆರಸ ಅದ್ದಿ ಒರೆಸಿ, ನೀರಿನ ಒದ್ದೆ ಬಟ್ಟೆಯಿಂದ ತೊಳೆದು, ಒಂದು ದಿನ ಒಣಗಿಸಿದೆ. ಐದರಲ್ಲಿ ಬದುಕಿದ್ದು ಅದೊಂದೇ. ಈಗ ದಿನಾ ರಾತ್ರಿ ತೋಟಕ್ಕೆ ಅದೇ ಬರುತ್ತದೆ, ಆದರೆ ಒಳಗಿನ ಸೆಲ್ ಬೇರೆ.

ಆ ಬೇರೆ ಸೆಲ್ಲಿನ ಹೆಸರು ನಿಕಲ್ ಮೆಟಲ್ ಹೈಡ್ರೈಡ್. ನೋಡಲು ಮಾಮೂಲಿ ಪೆನ್ಸಿಲ್ ಸೆಲ್ಲೇ. ಪ್ಯಾಕೆಟ್ಟಿನ ಮೇಲೆ 1.2 ವೋಲ್ಟ್ ಎಂದಿರುತ್ತದೆ. ತಕ್ಷಣ ಬರುವ ಪ್ರಶ್ನೆ ನನಗೆ ಗೊತ್ತು, ಇಲ್ಲಿಯೂ ಹಿಂದಿನ ಸಾಲಿನಿಂದ ಬಂತು: ‘ಒಂದೂವರೆ ಬೇಕಾದ ಕಡೆ 1.2 ಹಾಕಿದರೆ ಬೆಳಕು ಕಡಿಮೆಯಾಗುವುದಿಲ್ಲವೇ ಮೇಷ್ಟ್ರೇ?’

ಒಂದೂವರೆ ಎನ್ನುವುದು ಹೊಸ ಸೆಲ್ಲಿನ ಮದುವೆಯ ದಿನದ ಫೋಟೋ. ಟಾರ್ಚ್ ಒತ್ತಿ ಹಿಡಿದಾಗ ಆ ವೋಲ್ಟೇಜ್ ಇಳಿಯುತ್ತಲೇ ಹೋಗುತ್ತದೆ. ಅರ್ಧ ಖರ್ಚಾಗುವಷ್ಟರಲ್ಲಿ ಆಲ್ಕಲೈನ್ ಸೆಲ್ಲೂ 1.2ರ ಹತ್ತಿರ ಬಂದಿರುತ್ತದೆ. ಕೆಂಪು ಕಾಗದ ಸುತ್ತಿದ, ಸತುವಿನ ಡಬ್ಬಿಯ ಅಗ್ಗದ ಸೆಲ್ ಅದಕ್ಕೂ ಬೇಗ ಕುಸಿಯುತ್ತದೆ. ನಿಕಲ್ ಸೆಲ್ ಮೊದಲಿನಿಂದ ಬಹುತೇಕ ಕೊನೆಯವರೆಗೂ 1.2ರಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ಕೊನೆಗೆ ಮಾತ್ರ ಎಚ್ಚರಿಕೆ ಕೊಡದೆ ಸಟ್ಟನೆ ಬೀಳುತ್ತದೆ. ಹಾಗಾಗಿ ತೋಟಕ್ಕೆ ಹೋಗುವಾಗ ಇನ್ನೊಂದು ಜೋಡಿ ಜೇಬಿನಲ್ಲಿ ಇರಲಿ.

ಹಿಂದೆ ಈ ಸೆಲ್‌ಗಳ ಮೇಲೆ ದೂರು ಇದ್ದದ್ದು ನಿಜ. ಚಾರ್ಜ್ ಮಾಡಿ ಸುಮ್ಮನೆ ಇಟ್ಟರೂ ತಿಂಗಳಿಗೆ ಹೆಚ್ಚುಕಡಿಮೆ ಕಾಲುಭಾಗ ಚಾರ್ಜ್ ತಾನಾಗಿ ಸೋರಿಹೋಗುತ್ತಿತ್ತು. 2005ರಲ್ಲಿ ಜಪಾನಿನ ಸಾನ್ಯೋ ಕಂಪನಿ ಎನೆಲೂಪ್ ಎಂಬ ಸೆಲ್ ತಂದ ಮೇಲೆ ಆ ಕಥೆ ಬದಲಾಯಿತು. ವರ್ಷ ಕಳೆದರೂ ಬಹುಭಾಗ ಚಾರ್ಜ್ ಉಳಿಸಿಕೊಳ್ಳುವ ಜಾತಿ ಅದು. ಆ ಹೆಸರು ಈಗ ಪ್ಯಾನಾಸೋನಿಕ್ ಕೈಯಲ್ಲಿದೆ, ಬೇರೆ ಕಂಪನಿಗಳೂ ಅಂಥದ್ದನ್ನು ಮಾಡುತ್ತವೆ. ಕೊಳ್ಳುವಾಗ ಪ್ಯಾಕೆಟ್ಟಿನ ಮೇಲೆ ‘ಬಳಸಲು ಸಿದ್ಧ’ ಅಥವಾ ‘ಮೊದಲೇ ಚಾರ್ಜ್ ಮಾಡಿದೆ’ ಎಂಬ ಅರ್ಥದ ಮಾತು ಇದೆಯೇ ನೋಡಿ. ಇಟ್ಟರೆ ಸೋರುವ ಸೆಲ್ಲಿನ ಮೇಲೆ ಆ ಮಾತು ಬರೆಯಲು ಬರುವುದಿಲ್ಲ.

ದೊಡ್ಡ ಅಂಕಿಗೆ ಮರುಳಾಗಬೇಡಿ. ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದರ ಅಳತೆ ಎಂಎಎಚ್. 2,000 ಎಂಎಎಚ್ ಸೆಲ್ಲಿನ ಪಕ್ಕದಲ್ಲಿ 2,700 ಕಂಡರೆ ಕೈ ಅತ್ತ ಹೋಗುವುದು ಸಹಜ. ಆದರೆ ಅದೇ ಗಾತ್ರದ ಡಬ್ಬಿಯಲ್ಲಿ ಹೆಚ್ಚು ತುರುಕಿದರೆ ಆಯುಸ್ಸು ಕುಗ್ಗುತ್ತದೆ. ಎನೆಲೂಪ್‌ನಲ್ಲೇ ಸಾಧಾರಣ ಸೆಲ್ಲಿಗೆ ಕಂಪನಿ ಹೇಳುವುದು 2,100 ಸಲದ ಚಾರ್ಜ್, ಹೆಚ್ಚು ಸಾಮರ್ಥ್ಯದ ಸೆಲ್ಲಿಗೆ 500. ನಾನು 2,000ದ್ದನ್ನೇ ಕೊಳ್ಳುತ್ತೇನೆ.

ಈಗ ಚಾರ್ಜರ್. ಸೆಲ್ಲಿಗೆ ದುಡ್ಡು ಸುರಿದು ಚಾರ್ಜರಿಗೆ ಚೌಕಾಶಿ ಮಾಡುವುದು, ಜರ್ಸಿ ಹಸು ತಂದು ಸೋಗೆಯ ಚೂರು ಹಾಕಿ ಸಾಕಿದ ಹಾಗೆ. ಸೆಲ್ ಹಾಳಾಯಿತು ಎಂದು ನನ್ನ ಬಳಿ ತಂದವರಲ್ಲಿ ಹೆಚ್ಚಿನವರ ಸೆಲ್ಲನ್ನು ಕೊಂದದ್ದು ಅವರ ಚಾರ್ಜರ್.

ಅಗ್ಗದ ಚಾರ್ಜರ್ ಎರಡು ಬಗೆಯಲ್ಲಿ ಕುರುಡು. ಒಂದು, ಅದು ಸೆಲ್‌ಗಳನ್ನು ಜೋಡಿಯಾಗಿಯೇ ನೋಡುತ್ತದೆ. ಒಂದು ಪೂರ್ತಿ ಖಾಲಿ, ಇನ್ನೊಂದು ಅರ್ಧ ತುಂಬಿದ್ದರೂ ಎರಡಕ್ಕೂ ಒಂದೇ ಬಡಿಸುವಿಕೆ. ಒಂದಕ್ಕೆ ಅಜೀರ್ಣ, ಒಂದಕ್ಕೆ ಉಪವಾಸ. ಇದನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು: ಒಂದೇ ಒಂದು ಸೆಲ್ ಹಾಕಿ ಪ್ಲಗ್ ಚುಚ್ಚಲು ಹೇಳಿ. ದೀಪ ಹತ್ತದಿದ್ದರೆ ಅದು ಜೋಡಿ ಚಾರ್ಜರ್, ಬೇಡ. ಸೆಲ್ ಕೂರುವ ಪ್ರತಿ ಗುಳಿಗೂ ಪ್ರತ್ಯೇಕ ದೀಪ ಇರುವ, ಒಂದೇ ಸೆಲ್ಲನ್ನೂ ಚಾರ್ಜ್ ಮಾಡುವ ಚಾರ್ಜರ್ ಬೇಕು.

ಎರಡನೆಯ ಕುರುಡು ನಮ್ಮೂರಿಗೆ ಹೆಚ್ಚು ಅಪಾಯ. ಕೆಲವು ಚಾರ್ಜರ್‌ಗಳು ಸೆಲ್ ತುಂಬಿತೇ ಎಂದು ನೋಡುವುದೇ ಇಲ್ಲ, ಗಡಿಯಾರ ನೋಡಿ ನಿಲ್ಲಿಸುತ್ತವೆ. ಎಂಟು ಗಂಟೆ ಎಂದರೆ ಎಂಟು ಗಂಟೆ. ಕರೆಂಟ್ ಹೋಗಿ ಬಂದರೆ ಆ ಎಂಟು ಗಂಟೆ ಮೊದಲಿನಿಂದ ಎಣಿಕೆ. ಆಷಾಢದಲ್ಲಿ ನಮ್ಮಲ್ಲಿ ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ನನ್ನ ಮೊದಲ ನಾಲ್ಕು ಸೆಲ್‌ಗಳು ಹೀಗೆಯೇ ಒಂದೇ ಮಳೆಗಾಲದಲ್ಲಿ ಬೆಂದುಹೋದವು. ತಪ್ಪು ಸೆಲ್ಲಿನದು ಎಂದುಕೊಂಡು ಎರಡು ವರ್ಷ ಮತ್ತೆ ಕೆಂಪು ಸೆಲ್ಲಿಗೆ ಮರಳಿದ್ದೆ. ಅದು ನನ್ನ ಪೆದ್ದುತನ.

ಕಣ್ಣಿರುವ ಚಾರ್ಜರ್ ಏನು ನೋಡುತ್ತದೆ? ನಿಕಲ್ ಸೆಲ್ ತುಂಬುತ್ತಾ ಬಂದಂತೆ ವೋಲ್ಟೇಜ್ ಏರುತ್ತದೆ. ಪೂರ್ತಿ ತುಂಬಿದ ಮೇಲೂ ಕೊಡುತ್ತಿದ್ದರೆ ಸೆಲ್ ಬಿಸಿಯಾಗಿ, ವೋಲ್ಟೇಜ್ ಕೆಲವೇ ಮಿಲಿವೋಲ್ಟಿನಷ್ಟು ಕೆಳಗೆ ಜಾರುತ್ತದೆ. ಹಾಲು ಉಕ್ಕುವ ಮುಂಚೆ ಕೆನೆ ಅಲುಗುವುದನ್ನು ನೋಡಿ ಒಲೆ ಆರಿಸುತ್ತೀರಲ್ಲ, ಹಾಗೆ ಆ ಜಾರುವಿಕೆಯನ್ನು ಹಿಡಿದು ಚಾರ್ಜರ್ ನಿಲ್ಲುತ್ತದೆ. ಕೆಲವು ಜಾರುವಿಕೆಗೂ ಕಾಯದೆ ನಿಗದಿತ ವೋಲ್ಟೇಜಿಗೆ ನಿಲ್ಲುತ್ತವೆ, ಅದೂ ಒಳ್ಳೆಯದೇ. ಇಲ್ಲೊಂದು ತಿರುವು ಇದೆ. ತೀರಾ ನಿಧಾನವಾಗಿ ಚಾರ್ಜ್ ಮಾಡಿದರೆ ಆ ಜಾರುವಿಕೆ ಕಣ್ಣಿಗೆ ಬೀಳದಷ್ಟು ಸಣ್ಣದಾಗುತ್ತದೆ. ‘ನಿಧಾನವೇ ಸುರಕ್ಷಿತ’ ಎಂಬ ನಂಬಿಕೆ ಈ ಚಾರ್ಜರ್‌ಗಳಿಗೆ ಪೂರ್ತಿ ಹೊಂದುವುದಿಲ್ಲ. 2,000ದ ಸೆಲ್ಲಿಗೆ 500ರಿಂದ 1,000 ಮಿಲಿ ಆಂಪಿಯರ್ ಕೊಡುವ ಚಾರ್ಜರ್ ಹದವಾದದ್ದು. ಎರಡರಿಂದ ನಾಲ್ಕೂವರೆ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಮುಗಿಯುವ ಹೊತ್ತಿಗೆ ಸೆಲ್ ಬೆಚ್ಚಗಾಗುವುದು ಸಹಜ. ಹಿಡಿಯಲಾಗದಷ್ಟು ಸುಟ್ಟರೆ ಚಾರ್ಜರ್ ಬದಲಿಸಿ.

ಆಯ್ಕೆ ಇದ್ದರೆ ಯುಎಸ್‌ಬಿ ತಂತಿಯಿಂದ ಉಣ್ಣುವ ಚಾರ್ಜರನ್ನೇ ಕೊಳ್ಳಿ. ಮೂರು ದಿನ ಕರೆಂಟ್ ಇಲ್ಲದಾಗ ಪವರ್ ಬ್ಯಾಂಕ್, ಜೀಪು, ಮನೆಯ ಸೋಲಾರ್, ಯಾವುದರಿಂದಲಾದರೂ ಅದಕ್ಕೆ ಊಟ ಹಾಕಬಹುದು. ಹಾಗೆಯೇ, ಚಾರ್ಜ್ ಮಾಡಬಾರದ ಜಾತಿಯ ಸೆಲ್ಲನ್ನು ಚಾರ್ಜರಿನಲ್ಲಿ ಇಟ್ಟು ‘ನೋಡೋಣ’ ಎನ್ನಬೇಡಿ. ಕೆಂಪು ಸೆಲ್ ಇಟ್ಟರೆ ಸೋರುತ್ತದೆ, ಕೆಲವೊಮ್ಮೆ ಒಡೆಯುತ್ತದೆ.

ಒಟ್ಟಿಗೆ ಕೊಂಡ ಸೆಲ್‌ಗಳನ್ನು ಒಟ್ಟಿಗೇ ಬಳಸಿ. ಮಾರ್ಕರ್ ಪೆನ್ನಿನಲ್ಲಿ ಕೊಂಡ ತಿಂಗಳು ಮತ್ತು ಜೋಡಿಯ ಗುರುತು ಬರೆದಿಡಿ. ಸಾಲಿನಲ್ಲಿ ಒಂದು ಮುದಿ ಸೆಲ್ ಇದ್ದರೆ ಅದು ಮೊದಲು ಖಾಲಿಯಾಗುತ್ತದೆ. ಉಳಿದವು ಅದರ ಮೂಲಕ ಕರೆಂಟ್ ತಳ್ಳಿ ಅದನ್ನು ಉಲ್ಟಾ ಚಾರ್ಜ್ ಮಾಡುತ್ತವೆ. ಹಾಗೆ ಉಲ್ಟಾ ಆದ ಸೆಲ್ ಮತ್ತೆ ಮನುಷ್ಯನಾಗುವುದಿಲ್ಲ. ಆದ್ದರಿಂದ ಟಾರ್ಚ್ ಮಂಕಾದ ಕ್ಷಣ ಆರಿಸಿ. ಪೂರ್ತಿ ಹಿಂಡಬೇಕಿಲ್ಲ. ಪೂರ್ತಿ ಖಾಲಿ ಮಾಡಿ ಚಾರ್ಜ್ ಮಾಡಬೇಕೆಂಬ ಮಾತು ಹಳೆಯ ನಿಕಲ್ ಕ್ಯಾಡ್ಮಿಯಂ ಕಾಲದ್ದು.

‘ನಮ್ಮ ಮೂರು ಸೆಲ್ಲಿನ ದೊಡ್ಡ ಟಾರ್ಚಿಗೆ ಏನು ಮಾಡುವುದು?’ ಎಂದು ಮುಂದಿನ ಸಾಲಿನ ಅಮ್ಮ ಕೇಳಿದರು. ದೊಡ್ಡ ಸೆಲ್ಲಿನ ಗಾತ್ರದಲ್ಲೂ ಚಾರ್ಜ್ ಆಗುವ ನಿಕಲ್ ಸೆಲ್ ಇದೆ, ಆದರೆ ಅಲ್ಲಿ ಒಂದು ಕಣ್ಕಟ್ಟು ನಡೆಯುತ್ತದೆ. ದೊಡ್ಡ ಡಬ್ಬಿಯೊಳಗೆ ಪೆನ್ಸಿಲ್ ಗಾತ್ರದ ಸಣ್ಣ ಸೆಲ್ ಕೂರಿಸಿ ಮಾರುವವರಿದ್ದಾರೆ. ತೂಗಿ ನೋಡಿ. ಪೆನ್ಸಿಲ್ ಸೆಲ್ ಸುಮಾರು 27 ಗ್ರಾಂ, ನಿಜವಾದ ದೊಡ್ಡ ಸೆಲ್ 150 ಗ್ರಾಮಿನ ಆಸುಪಾಸು. ನಿಜವಾದದ್ದು ದುಬಾರಿ, ಅದಕ್ಕೆ ಹೊಂದುವ ಚಾರ್ಜರ್ ಹುಡುಕುವುದೂ ಕಷ್ಟ. ಪೆನ್ಸಿಲ್ ಸೆಲ್ಲನ್ನು ದೊಡ್ಡದರ ಜಾಗದಲ್ಲಿ ಕೂರಿಸುವ ಪ್ಲಾಸ್ಟಿಕ್ ಕವಚ ಸಿಗುತ್ತದೆ. ಬಲ್ಬ್ ತೆಗೆದು ಎಲ್‌ಇಡಿ ಹಾಕಿದ ಟಾರ್ಚಿಗೆ ಅದು ಸಾಕು. ಹಳೆಯ ಬಲ್ಬೇ ಇದ್ದರೆ ಬೇಗ ಖಾಲಿಯಾಗುತ್ತದೆ.

ಈಗ ನಾಲ್ಕನೆಯ ಟಾರ್ಚ್. ‘ಒಂದು ಕಿಲೋಮೀಟರ್ ಬೆಳಕು’ ಎಂದು ಡಬ್ಬಿಯ ಮೇಲೆ ಬರೆದಿತ್ತು. ಒಳಗಿನ ಲಿಥಿಯಂ ಸೆಲ್ಲಿನ ಮೇಲೆ 9,900 ಎಂಎಎಚ್ ಎಂದು ಅಚ್ಚಾಗಿತ್ತು. 18650 ಎನ್ನುವ ಗಾತ್ರ ಅದು, ಎಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಆ ಗಾತ್ರದಲ್ಲಿ ಹೆಸರಾಂತ ಕಂಪನಿಗಳ ಒಳ್ಳೆಯ ಸೆಲ್‌ಗಳೇ ಬಹುಕಾಲ 3,500ರ ಸುತ್ತಮುತ್ತ ನಿಂತಿವೆ. 9,900 ಎಂದು ಅಚ್ಚು ಹಾಕಿದವನು ಸೆಲ್ಲಿನ ಸಾಮರ್ಥ್ಯವನ್ನಲ್ಲ, ತನ್ನ ಮರ್ಯಾದೆಯನ್ನು ಅಚ್ಚು ಹಾಕಿದ್ದಾನೆ. ಇಲ್ಲಿಯೂ ತಕ್ಕಡಿಯೇ ಸಾಕ್ಷಿ. ನಿಜವಾದ ಸೆಲ್ 45ರಿಂದ 50 ಗ್ರಾಂ ತೂಗುತ್ತದೆ. ನನ್ನದು 31 ಗ್ರಾಂ ಬಂತು.

ಲಿಥಿಯಂ ಸೆಲ್ ನಿಕಲ್ಲಿಗಿಂತ ಮೂರು ಪಟ್ಟು ವೋಲ್ಟೇಜಿನದು, 3.6 ಅಥವಾ 3.7. ತುಂಬಿದಾಗ 4.2ಕ್ಕೆ ನಿಲ್ಲಬೇಕು. ಅದನ್ನು ಮೀರಿ ತುಂಬಿದರೆ ಸೋರುವುದಲ್ಲ, ಹೊತ್ತಿಕೊಳ್ಳುವ ಅಪಾಯ. ಪಂಪ್‌ಸೆಟ್ ರಿಪೇರಿಯವರ ಹತ್ತಿರ ಮಲ್ಟಿಮೀಟರ್ ಇರುತ್ತದೆ. ಚಾರ್ಜರ್ ಹಸಿರು ದೀಪ ತೋರಿಸಿದ ಮೇಲೆ ಸೆಲ್ ತೆಗೆದು ಒಮ್ಮೆ ಅಳೆಸಿ. 4.25 ದಾಟಿದ್ದರೆ ಆ ಚಾರ್ಜರನ್ನು ಮತ್ತೆ ಬಳಸಬೇಡಿ. ಸೆಲ್ಲಿನ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಐಎಸ್ 16046 ಎಂಬ ಸಂಖ್ಯೆ ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿಕೊಳ್ಳಿ. ಇನ್ನೊಂದು ಬಲೆ: 14500 ಎಂಬ ಲಿಥಿಯಂ ಸೆಲ್ ಪೆನ್ಸಿಲ್ ಸೆಲ್ಲಿನ ಗಾತ್ರದ್ದೇ. ಅದನ್ನು ಅರಿಯದೆ ರೇಡಿಯೋಗೋ ಸಾಧಾರಣ ಟಾರ್ಚಿಗೋ ಹಾಕಿದರೆ ಒಳಗಿರುವುದು ಸುಟ್ಟುಹೋಗಬಹುದು.

ಲಿಥಿಯಂ ಸೆಲ್ಲಿನ ಇಡೀ ಮೈ ಋಣ ತುದಿ. ಧನ ತುದಿಯ ಗುಂಡಿಯ ಸುತ್ತಲಿನ ಅಂಚೂ ಸೇರಿ. ಮಧ್ಯೆ ಇರುವುದು ತೆಳುವಾದ ಪ್ಲಾಸ್ಟಿಕ್ ಹೊದಿಕೆ ಮಾತ್ರ. ಎಲೆ ಅಡಿಕೆ ಚೀಲದಲ್ಲಿ ಲೋಹದ ಸುಣ್ಣದ ಡಬ್ಬಿಯ ಜೊತೆ ಸೆಲ್ ಹಾಕಿಕೊಂಡು ಓಡಾಡುವವರನ್ನು ನೋಡಿದ್ದೇನೆ. ಡಬ್ಬಿ ಎರಡು ತುದಿಗೂ ತಾಗಿದರೆ ಚೀಲದಲ್ಲೇ ಬೆಂಕಿ. ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂಟಿಯಾಗಿ ಇಡಿ. ಚಾರ್ಜ್ ಮಾಡುವ ಜಾಗ ಹಾಸಿಗೆಯಾಗದಿರಲಿ, ಒಣ ಅಡಿಕೆ ಮೂಟೆಯ ಪಕ್ಕವಂತೂ ಬೇಡವೇ ಬೇಡ. ಸಿಮೆಂಟಿನ ನೆಲವೋ ಕಡಪ ಕಲ್ಲೋ ಇರಲಿ, ಎದ್ದಿರುವಾಗಲೇ ಮಾಡಿ.

ರಬ್ಬರ್ ಟ್ಯಾಪಿಂಗ್ ಮಾಡುವ ಯುವಕರೊಬ್ಬರು ಬೆಳಗಿನ ಮೂರು ಗಂಟೆಗೆ ತಲೆಗೆ ಕಟ್ಟುವ ಲೈಟಿಗೆ ಯಾವುದು ಸರಿ ಎಂದು ಕೇಳಿದರು. ಅವರಿಗೆ ಲಿಥಿಯಂ. ದಿನಾ ನಾಲ್ಕೈದು ಗಂಟೆ ಬಳಸುವವರಿಗೆ ಅದಕ್ಕೆ ಸಾಟಿ ಇಲ್ಲ. ಸೆಲ್ ಹೊರಗೆ ತೆಗೆಯಲು ಬರುವ ಲೈಟ್ ಕೊಂಡು ಎರಡು ಸೆಲ್ ಇಟ್ಟುಕೊಳ್ಳಲಿ, ಒಂದು ತಲೆಯ ಮೇಲೆ, ಒಂದು ಚಾರ್ಜರಿನಲ್ಲಿ. ಸೆಲ್ ಒಳಗೇ ಬೆಸೆದಿರುವ ಲೈಟ್, ಸೆಲ್ ಸತ್ತ ದಿನ ತಾನೂ ಕಸ. ರಾತ್ರಿ ಮೂರು ಫೇಸ್ ಬಂದಾಗ ಮೋಟಾರ್ ಹಾಕಲು ಹತ್ತು ನಿಮಿಷ ಹೋಗಿ ಬರುವವರಿಗೆ ಪೆನ್ಸಿಲ್ ನಿಕಲ್ ಸೆಲ್ ಸಾಕು. ಬಿದ್ದರೂ ನೆನೆದರೂ ಅದು ಲಿಥಿಯಮ್ಮಿನಷ್ಟು ಸಿಡುಕುವುದಿಲ್ಲ.

ದುಡ್ಡಿನ ಲೆಕ್ಕ ಬೇಗ ಹೇಳಿಬಿಡುತ್ತೇನೆ. ಹದಿನೈದು ದಿನಕ್ಕೆ ಎರಡು ಸೆಲ್, ಒಂದಕ್ಕೆ 15 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 720 ರೂಪಾಯಿ. ನಾಲ್ಕು ಒಳ್ಳೆಯ ಸೆಲ್ ಮತ್ತು ಕಣ್ಣಿರುವ ಚಾರ್ಜರಿಗೆ 2,000 ಎಂದಿಟ್ಟುಕೊಳ್ಳಿ. ಮೂರನೆಯ ವರ್ಷ ಮುಗಿಯುವ ಮೊದಲು ಅಸಲು ಕೈಗೆ ಬರುತ್ತದೆ. ವಿದ್ಯುತ್ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಒಂದು ಸೆಲ್ ತುಂಬಲು, ವ್ಯರ್ಥವಾಗುವುದೂ ಸೇರಿ, 5 ವ್ಯಾಟ್-ಅವರ್ ಹಿಡಿದರೂ ಒಂದು ಯೂನಿಟ್ಟಿನಲ್ಲಿ, ಅಂದರೆ 1,000 ವ್ಯಾಟ್-ಅವರಿನಲ್ಲಿ, 200 ಸೆಲ್ ಚಾರ್ಜ್ ಆಗುತ್ತವೆ. ವರ್ಷಕ್ಕೆ ನಾಲ್ಕು ಸೆಲ್ ಖರ್ಚು ಮಾಡುವ ಮನೆಗೆ ಈ ಲೆಕ್ಕ ಗಿಟ್ಟುವುದಿಲ್ಲ, ಅವರು ಸುಮ್ಮನಿರಲಿ.

ಸತ್ತ ಸೆಲ್ ಎಲ್ಲಿ ಹಾಕುವುದು? ಗೊಬ್ಬರದ ಗುಂಡಿಗೆ ಬೇಡ, ಒಲೆಗೆ ಬೇಡ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಎಲ್ಲ ಬಗೆಯ ಬ್ಯಾಟರಿಗಳನ್ನೂ ಹಿಂದಕ್ಕೆ ಪಡೆಯುವ ಹೊಣೆ ತಯಾರಕರದು. ಕಾಗದದ ಮೇಲೆ ಇದು ಚೆನ್ನಾಗಿದೆ, ನಮ್ಮ ಸಂತೆಯ ತನಕ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಡಿ, ಲಿಥಿಯಂ ಸೆಲ್ಲಿನ ತುದಿಗಳಿಗೆ ಟೇಪು ಅಂಟಿಸಿ. ಸಂಘದ ಕಚೇರಿಯಲ್ಲಿ ಒಂದು ಡಬ್ಬಿ ಇಟ್ಟರೆ ಪೇಟೆಗೆ ಹೋದಾಗ ಇ-ತ್ಯಾಜ್ಯ ಕೊಳ್ಳುವವರಿಗೆ ನಾನೇ ತಲುಪಿಸುತ್ತೇನೆ ಎಂದು ಕಾರ್ಯದರ್ಶಿಗಳಿಗೆ ಹೇಳಿದ್ದೇನೆ.

ಕೊನೆಗೆ ಒಬ್ಬ ಹುಡುಗಿ ಎದ್ದು, ‘ಹಾಗಾದರೆ ಗೋಡೆಯ ಗಡಿಯಾರಕ್ಕೂ ಇದನ್ನೇ ಹಾಕೋಣವೇ?’ ಎಂದಳು. ಬೇಡಮ್ಮ. ಗಡಿಯಾರ ಕುಡಿಯುವುದು ಹನಿ ಹನಿಯಾಗಿ. ಒಂದು ಕೆಂಪು ಸೆಲ್ ಅದರಲ್ಲಿ ವರ್ಷ ಕಳೆಯುತ್ತದೆ. ಆ ಕೆಲಸಕ್ಕೆ ಲೆಕ್ಲಾಂಶೆಯ ಸೆಲ್ಲೇ ಸರಿ. ಮುಳ್ಳು ನಿಂತ ದಿನ ಮಾತ್ರ ತಕ್ಷಣ ಹೊರಗೆ ತೆಗೆದುಬಿಡು, ಗಡಿಯಾರದ ಹೊಟ್ಟೆಯಲ್ಲೂ ಅದು ಸೋರುತ್ತದೆ.